ಮಾವನ ಆಂಪ್ಲಿಫೈಯರಿಗೊಂದು ಕಾವಲು ಪೆಟ್ಟಿಗೆ

ಟಿವಿ ಸುಟ್ಟದ್ದು ಸಿಡಿಲಿಗೆ. ಆದರೆ ಸಿಡಿಲಿಗೆ ದಾರಿ ಬಿಟ್ಟುಕೊಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಅತ್ತೆ ಹೇಳುತ್ತಾರೆ, ಅವರು ಹೇಳಿದರೆ ಇನ್ನೂ ಉದ್ದವಾಗುತ್ತದೆ.

ನಾನಿರುವುದು ಸಾಗರದಲ್ಲಿ, ಸೋದರಮಾವನ ಮನೆಯಲ್ಲಿ. ಹೊಸನಗರದ ಕಡೆಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವುದು ಕಷ್ಟವೆಂದು ಅಮ್ಮ ನನ್ನನ್ನು ತನ್ನ ಅಣ್ಣನ ಮನೆಗೆ ಸಾಗಹಾಕಿದಳು. ಕಷ್ಟ ನನಗೋ ಅವಳಿಗೋ ಎಂದು ನಾನು ಕೇಳಲಿಲ್ಲ. ಕೆಲಸ ಫ್ಲೆಕ್ಸ್ ಮುದ್ರಿಸುವ ಅಂಗಡಿಯಲ್ಲಿ. ಶುಭಾಶಯ ಕೋರುವ ಮುಖಗಳನ್ನು ದೊಡ್ಡದು ಮಾಡಿ ಕೆನ್ನೆಯ ಕಲೆ ತೆಗೆಯುವುದು. ಕೆಲಸವಲ್ಲದ ಕೆಲಸ ಮಿಮಿಕ್ರಿ. ಬಸ್ಸಿನ ಕಂಡಕ್ಟರು, ನಮ್ಮ ಅಂಗಡಿಯ ಯಜಮಾನರು, ಮದುವೆಮನೆಯಲ್ಲಿ ಮೈಕು ಸಿಕ್ಕಿದರೆ ಬಿಡದ ದೊಡ್ಡಪ್ಪ, ಕಲ್ಲು ಸಿಕ್ಕಿಕೊಂಡ ಮಿಕ್ಸಿ, ಎಲ್ಲ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ನಿನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಕೊಂಚ ಹೊತ್ತು ಯೋಚಿಸಬೇಕಾಗುತ್ತದೆ.

ಮಾವ ಜೋಗದ ಪವರ್ ಹೌಸಿನಲ್ಲಿ ದುಡಿದು ನಿವೃತ್ತರಾದವರು. ಟರ್ಬೈನುಗಳ ಪಕ್ಕದಲ್ಲಿ ಕಳೆದ ಆಯುಷ್ಯ ಅವರಿಗೆ ಪೆನ್ಷನ್ ಕೊಟ್ಟು ಕಿವಿಯನ್ನು ತಾನೇ ಇಟ್ಟುಕೊಂಡಿತು. ಪೂರ್ತಿ ಕಿವುಡರಲ್ಲ. ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ಅವರೇ ಹೇಳುವ ಹಾಗೆ, "ಅನ್ನ ಕಾಣ್ತದೆ, ಅಗುಳು ಸಿಗಲ್ಲ." ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರವನ್ನು ಶಿವಮೊಗ್ಗದಿಂದ ತಂದಿದ್ದರು. ಹಾಕಿಕೊಂಡರೆ ತಲೆಯೊಳಗೆ ಕುಕ್ಕರ್ ಕೂಗಿದಂತಾಗುತ್ತದೆ ಎಂದು ಅದನ್ನು ಬೀರುವಿಗೆ ಹಾಕಿದರು.

ಅವರಿಗೆ ಅಗುಳು ಸಿಗುತ್ತಿದ್ದುದು ಒಂದೇ ಕಡೆ. ಜೋಗದ ಕ್ವಾರ್ಟರ್ಸಿನಲ್ಲಿದ್ದಾಗ ಅವರೇ ಬಿಡಿಭಾಗ ತರಿಸಿ ಕೂರಿಸಿದ್ದ ಒಂದು ಆಂಪ್ಲಿಫೈಯರ್ ಇದೆ. ಮರದ ಪೆಟ್ಟಿಗೆ, ಮುಂದೆ ನಾಲ್ಕು ಗುಂಡಿ, ಹೆಡ್‌ಫೋನಿಗೊಂದು ತೂತು. ಟಿವಿಯಿಂದ ಅದಕ್ಕೆ ವೈರು ಎಳೆದು, ಟ್ರೆಬಲ್ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿ, ದಪ್ಪ ಹೆಡ್‌ಫೋನ್ ಹಾಕಿಕೊಂಡರೆ ಮಾವನಿಗೆ ಪ್ರತಿ ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ. ಹೊಸ ಹೋಮ್ ಥಿಯೇಟರುಗಳನ್ನು ಅಂಗಡಿಯಲ್ಲಿ ಹಾಕಿ ನೋಡಿದ್ದರು. ಎಲ್ಲ ದಬ್ ದಬ್, ಮಾತೆಲ್ಲ ಗೋಣಿಚೀಲದೊಳಗಿಂದ. ಹಳೆಯದರ ಒಳಗಿನ ಐಸಿ ಎಂಬ ಪುಟ್ಟ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ಅದು ಹೋದರೆ ಹೋಯಿತು.

ನಮ್ಮದು ಹುಂಚದ ಕಡೆಯಿಂದ ಬಂದ ಜೈನರ ಮನೆ; ಕತ್ತಲಾಗುವ ಮೊದಲೇ ಊಟ ಮುಗಿದಿರುತ್ತದೆ. ಊಟ ಬೇಗ ಮುಗಿದ ಮನೆಯಲ್ಲಿ ಸಂಜೆ ಎಷ್ಟು ಉದ್ದವಿರುತ್ತದೆ ಎಂಬುದು ಎಂಟು ಗಂಟೆಗೆ ಉಣ್ಣುವವರಿಗೆ ತಿಳಿಯದು. ಆ ಉದ್ದ ಸಂಜೆಯೆಲ್ಲ ಮಾವ ಹೆಡ್‌ಫೋನ್ ಹಾಕಿಕೊಂಡು ನಮ್ಮ ಜೊತೆ ಕೂತು, ಟಿವಿಯಲ್ಲಿ ಮಾತಾಡಿದವರಿಗೆಲ್ಲ ಎದುರುತ್ತರ ಕೊಡುತ್ತಿದ್ದರು.

ಇನ್ನು ಗುಡುಗಿನ ವಿಷಯ. ಬೇಸಿಗೆಯ ಕೊನೆಯಲ್ಲಿ ನಮ್ಮ ಸೀಮೆಯ ಮನೆಗಳಲ್ಲಿ ಒಂದು ಕಿವಿ ಸದಾ ಆಕಾಶದ ಕಡೆಗಿರುತ್ತದೆ. ಗುರ್ ಎಂದರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಪ್ಲಗ್ ಕೀಳಬೇಕು. ದೂರದ ಗುಡುಗು ಮಾವನಿಗೆ ಕೇಳುವುದಿಲ್ಲ. ಹತ್ತಿರದ್ದು ಕೇಳುವ ಹೊತ್ತಿಗೆ ಕೀಳಲು ಸಮಯ ಇರುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಕಿವಿ ಅತ್ತೆಯದು, ಕೈ ಮಾವನದು. ಅತ್ತೆ ಅಡುಗೆಮನೆಯಿಂದ ಬಂದು ಎದುರಿಗೆ ನಿಂತು ಬೆರಳನ್ನು ಮೇಲಕ್ಕೆ ತೋರಿಸುತ್ತಾರೆ. ಮಾವ ಏಳುತ್ತಾರೆ.

ಆ ಏಳುವುದನ್ನು ನೋಡಬೇಕು. ಪಂಚೆ ಬಿಗಿದುಕೊಂಡು, ಒಂದೊಂದು ಪ್ಲಗ್ಗನ್ನೂ ಜನರೇಟರ್ ನಿಲ್ಲಿಸುವ ಗಾಂಭೀರ್ಯದಿಂದ ಕಿತ್ತು, ಗಟ್ಟಿಯಾಗಿ ಸಾರುತ್ತಾರೆ: "ಟಿವಿ ಔಟ್. ಸೆಟ್‌ಟಾಪ್ ಔಟ್. ಡಿಶ್ ಲೈನ್ ಔಟ್. ಫ್ರಿಜ್ ಔಟ್." ಕೇಳಿಸಿಕೊಂಡು ಬರೆದುಕೊಳ್ಳಲು ಅಲ್ಲಿ ಯಾರೂ ಇಲ್ಲ. ಅಷ್ಟರಲ್ಲಿ ಅತ್ತೆ ಪಕ್ಕದ ಮನೆಗೆ ಫೋನ್ ಮಾಡಿ "ಕಿತ್ರಾ?" ಎಂದಿರುತ್ತಾರೆ. ಅವರು ಅದರಾಚೆಯ ಮನೆಗೆ, ಅವರು ಇನ್ನೊಬ್ಬರಿಗೆ. ಮೊದಲ ಹನಿ ಬೀಳುವುದರೊಳಗೆ ಬೀದಿಗೆ ಬೀದಿಯೇ ಪ್ಲಗ್ ಕಿತ್ತು ಕೂತಿರುತ್ತದೆ.

ಇಷ್ಟು ಚೆಂದದ ಏರ್ಪಾಟನ್ನು ಒಬ್ಬ ಮಿಮಿಕ್ರಿಯವನು ನೋಡಿಯೂ ಸುಮ್ಮನಿರುವುದು ಹೇಗೆ? ಮಹಡಿಯ ಮೇಲೆ ಒಂದು ಖಾಲಿ ನೀರಿನ ಟ್ಯಾಂಕು ಮೂಲೆ ಸೇರಿತ್ತು. ಒಂದು ಭಾನುವಾರ ಅದರೊಳಗೆ ತಲೆ ತೂರಿಸಿ, ಹೊಟ್ಟೆಯಿಂದ ಗುಡುಗಿದೆ. ಕೆಳಗೆ "ಟಿವಿ ಔಟ್" ಶುರುವಾಯಿತು. ಆಮೇಲೆ ಪಕ್ಕದ ಮನೆಯ ಕ್ರಿಕೆಟ್ ನಿಂತಿತು, ಅದರಾಚೆಯದೂ ನಿಂತಿತು. ಬೀದಿಯ ಕೊನೆಯವರೆಗೆ ನನ್ನ ಗಂಟಲಿಗೆ ಇಂಥ ಅಧಿಕಾರವಿದೆ ಎಂದು ನನಗೆ ಗೊತ್ತಿರಲಿಲ್ಲ. ಜೇಡರಬಲೆ ತಲೆಗೆ ಸುತ್ತಿಕೊಂಡು ಇಳಿದು ಬಂದಾಗ ಅತ್ತೆ ಬಿಸಿಲನ್ನೊಮ್ಮೆ ನೋಡಿದರು, ನನ್ನ ತಲೆಯನ್ನೊಮ್ಮೆ ನೋಡಿದರು. ಅಲ್ಲಿಗೆ ಬಿಟ್ಟಿದ್ದರೆ ನಾನು ಬುದ್ಧಿವಂತನೇ. ಮುಂದಿನ ಭಾನುವಾರ ಮತ್ತೆ ಹತ್ತಿದೆ.

ಆ ವಾರವೇ ಒಂದು ಮಧ್ಯಾಹ್ನ ನಿಜವಾದದ್ದು ಬಂತು. ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹಲಸಿನ ಹಪ್ಪಳ ತಿನ್ನುತ್ತ, ಈ ದನಿಯಲ್ಲಿ ನನ್ನದಕ್ಕಿಂತ ಎಷ್ಟು ಆಳವಿದೆ ಎಂದು ಕಲಾವಿದನಾಗಿ ಗಮನಿಸುತ್ತಿದ್ದೆ. ಮುಂದಿನ ಕೋಣೆಯಲ್ಲಿ ಅತ್ತೆ ಅಡುಗೆ ಕಾರ್ಯಕ್ರಮ ನೋಡುತ್ತ, ಮಾವನ ಕಡೆ ತಿರುಗಿ ಮಹಡಿಯತ್ತ ಬೆರಳು ತೋರಿಸಿ, ಜೊತೆಗೆ ಮಂಗನ ಹಾಗೆ ಮುಖವನ್ನೂ ಮಾಡಿದರಂತೆ. ಬೆರಳಿಗೆ ಎದ್ದ ಮಾವ ಮುಖ ನೋಡಿ ಮತ್ತೆ ಪೇಪರಿಗೆ ಕೂತರಂತೆ. ಎರಡನೆಯ ಗುಡುಗಿಗೆ ಮನೆಯೆಲ್ಲ ಬೆಳ್ಳಗಾಯಿತು. ಟಪ್ ಎಂದಿತು. ಸುಟ್ಟ ವಾಸನೆ ಹಿತ್ತಿಲವರೆಗೂ ಬಂತು, ಅದರ ಹಿಂದೆ ಅತ್ತೆ ಬಂದರು.

"ನೀ ಇಲ್ಲಿದ್ಯಾ?"

"ಹೂಂ."

"ಮತ್ತೆ ಗುಡುಗಿದ್ಯಾರು?"

"ಅದು ಅದೇ, ಅತ್ತೆ."

ಟಿವಿ ಹೋಯಿತು, ಸೆಟ್‌ಟಾಪ್ ಬಾಕ್ಸೂ ಹೋಯಿತು. ಆಂಪ್ಲಿಫೈಯರ್ ಉಳಿಯಿತು. ಅದರ ಪ್ಲಗ್ಗನ್ನು ಮಾವ ಸಂಜೆ ಊಟವಾದ ಮೇಲಷ್ಟೇ ಹಾಕುವುದು. ಮಧ್ಯಾಹ್ನ ಅದು ತನ್ನ ಪಾಡಿಗೆ ಮಲಗಿತ್ತು. ಮಾವ ಸುಟ್ಟ ಟಿವಿಯನ್ನು ನೋಡಲೂ ಇಲ್ಲ. ಆಂಪ್ಲಿಫೈಯರನ್ನು ಎತ್ತಿ, ಮೂಸಿ ನೋಡಿ, ಹಳೆಯ ಟವಲಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. "ಸಿಡಿಲಿನ ಹೊಡ್ತ ತಡೆಯೋ ಸರ್ಜ್ ಪ್ರೊಟೆಕ್ಟರ್ ತರೋವರೆಗೆ ಇದನ್ನ ಹಾಕಲ್ಲ," ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನು ನಾನು ಆಮೇಲೆ ಅವರದೇ ದನಿಯಲ್ಲಿ ಹೇಳಿ ಸಮಾಧಾನಪಡುತ್ತಿದ್ದೆ.

ವಾರದೊಳಗೆ ಹೊಸ ಟಿವಿ ಬಂತು. ಮಾವ ಅದರ ಹಿಂಬದಿಯಲ್ಲಿ ಹೆಡ್‌ಫೋನ್ ತೂತು ಇದೆಯೇ ಎಂದು ನೋಡಿಯೇ ಆರಿಸಿದ್ದರು. ಆದರೆ ಹೆಡ್‌ಫೋನನ್ನು ನೇರವಾಗಿ ಅದಕ್ಕೆ ಸಿಕ್ಕಿಸಿದರೆ ಮಾತು ಮತ್ತೆ ಗೋಣಿಚೀಲದೊಳಗಿಂದ; ಆ ತೂತಿಗೆ ಹಾಕಬೇಕಾದ ಆಂಪ್ಲಿಫೈಯರ್ ಟವಲಿನೊಳಗಿತ್ತು.

ಆ ಸಂಜೆಗಳು ನನಗೆ ನೆನಪಿವೆ. ಮಾವ ಮೊದಲಿನಂತೆ ಬಂದು ಕೂರುತ್ತಿದ್ದರು. ಹಾಸ್ಯ ಬಂದಾಗ ನಾವು ನಕ್ಕರೆ ನಮ್ಮ ಮುಖ ನೋಡಿ, ಒಂದು ಕ್ಷಣ ತಡವಾಗಿ ಅವರೂ ನಗುತ್ತಿದ್ದರು. ಯಾರಿಗೂ ಎದುರುತ್ತರ ಕೊಡುತ್ತಿರಲಿಲ್ಲ. ಕೆಲವು ದಿನ ನಾನು ಅವರ ಕಿವಿಯ ಹತ್ತಿರ ಕೂತು ಟಿವಿಯವರ ಮಾತನ್ನೆಲ್ಲ ಅವರವರ ದನಿಯಲ್ಲಿ ಗಟ್ಟಿಯಾಗಿ ಹೇಳಿಕೊಟ್ಟೆ. ಒಂದೊಂದು ಕಡೆ ಕೈಚಳಕವನ್ನೂ ತೋರಿಸಿದೆ. ವಾರ್ತೆಯಲ್ಲಿ ಒಬ್ಬ ಮಂತ್ರಿಯ ಬಾಯಿಂದ, ಸಾಗರದ ರಸ್ತೆಗಳ ಗುಂಡಿ ಎಣಿಸಲು ತಾನೇ ಸೈಕಲ್ಲಿನಲ್ಲಿ ಬರುತ್ತೇನೆ ಎಂದು ಹೇಳಿಸಿದೆ.

ಮಾವ ನನ್ನನ್ನು ನೋಡಿದರು. "ಅವ್ನು ಹಂಗಂದ್ನೇನೋ?"

"ಹಂಗೇ ಅಂದ್ರು ಮಾವ."

"ತುಟಿ ಬೇರೆ ಏನೋ ಅಂತಿತ್ತು," ಎಂದು ಎದ್ದು ಹೋಗಿ ಮಲಗಿದರು. ಆಮೇಲೆ ನನ್ನ ಅನುವಾದವನ್ನು ಅವರು ಕೇಳಲಿಲ್ಲ.

ಹೀಗೆ ಸರ್ಜ್ ಪ್ರೊಟೆಕ್ಟರ್ ಹುಡುಕುವ ಕೆಲಸ ಶುರುವಾಯಿತು. ಅಂಗಡಿಯವರ ಮಾತು ಮಾವನಿಗೆ ದಾಟಿಸಲು ಜೊತೆಗೆ ನಾನು. ನಿಜವನ್ನೇ ದಾಟಿಸಬೇಕೆಂದು ಅತ್ತೆ ತಾಕೀತು ಮಾಡಿ ಕಳಿಸಿದ್ದರು.

ಮೊದಲು ಸಾಗರದ ಪೇಟೆಯ ಒಂದು ಅಂಗಡಿ. ಅಂಗಡಿಯವನು ಆರು ತೂತಿನ ಒಂದು ಉದ್ದ ಡಬ್ಬಿ ತಂದಿಟ್ಟ. ಕೆಂಪು ದೀಪವೊಂದಿತ್ತು.

"ಇದೇ ಸರ್ ಸರ್ಜ್. ಎಲ್ರೂ ಇದನ್ನೇ ಒಯ್ಯೋದು."

"ಎಷ್ಟು ಜೂಲ್?" ಎಂದರು ಮಾವ.

"ಜೂಲ್ ಎಲ್ಲ ಇದೆ ಸರ್, ಒಳಗಡೆ."

ಮಾವ ಡಬ್ಬಿಯನ್ನು ಬೋರಲು ಹಾಕಿ, ಕನ್ನಡಕವನ್ನು ಹಣೆಗೇರಿಸಿ ಓದಿದರು. ಒಳಗಿದ್ದದ್ದು ಒಂದು ಫ್ಯೂಸು. ಹೊರಗೆ ಬಂದ ಮೇಲೆ ನನಗೆ ಪಾಠವಾಯಿತು. "ಇದು ಬರೀ ಎಕ್ಸ್‌ಟೆನ್ಷನ್ ಬಾಕ್ಸು. ಜೂಲ್ ಅಂದ್ರೆ ಎಷ್ಟು ಹೊಡ್ತ ತಡಕೊಳ್ತದೆ ಅನ್ನೋದು. ಅದು ಬರ್ದಿಲ್ಲ ಅಂದ್ರೆ ಇಲ್ಲ ಅಂತ್ಲೇ ಲೆಕ್ಕ. ನಿನ್ ತರ, ಸದ್ದು ಜಾಸ್ತಿ, ಒಳಗೇನಿಲ್ಲ." ಕಿವಿ ಕೇಳದವರು ಬಾಯಿಯಲ್ಲಿ ಬಡ್ಡಿ ತೀರಿಸಿಕೊಳ್ಳುತ್ತಾರೆ.

ಎರಡನೆಯದು ಹೊಸನಗರದಲ್ಲಿ. ಅಮ್ಮನನ್ನು ನೋಡಲು ಹೋದವರು ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೊಕ್ಕೆವು. ಅಲ್ಲಿನ ಯಜಮಾನರು ವಯಸ್ಸಾದವರು, ನಿಧಾನಸ್ಥರು. ಕುರ್ಚಿ ಹಾಕಿಸಿ ಕೂರಿಸಿ, ಇಟ್ಟಿಗೆಯಷ್ಟು ಭಾರದ ಸ್ಟೆಬಿಲೈಸರ್ ತೋರಿಸಿದರು.

"ಸರ್ಜ್ ಗಿರ್ಜ್ ಎಲ್ಲ ಪೇಟೆಯೋರಿಗೆ. ನಮ್ಮೂರಿಗೆ ವೋಲ್ಟೇಜೇ ಸರಿಯಾಗ್ ಬರಲ್ಲ, ಜಾಸ್ತಿ ಬರೋ ಚಿಂತೆ ಯಾಕೆ ಮಾಡ್ತೀರಿ?"

ನಾನು ಅದನ್ನು ಅಕ್ಷರ ಬಿಡದೆ ದಾಟಿಸಿದೆ. ಮಾವನಿಗೆ ನಗು ಬಂತು. ಸ್ಟೆಬಿಲೈಸರ್ ಒಳ್ಳೆಯದೇ, ವೋಲ್ಟೇಜು ಮೆಲ್ಲಗೆ ಏರಿಳಿದರೆ ಅದು ಸರಿಮಾಡುತ್ತದೆ. ಸಿಡಿಲು ಮಾತ್ರ ಅದು ಟಕ್ ಎನ್ನುವುದರೊಳಗೆ ಬಂದು ಹೋಗಿರುತ್ತದೆ ಎಂದು ವಿವರಿಸಿದರು. ಯಜಮಾನರು ಎಲ್ಲ ಕೇಳಿ, "ಹಂಗಾರೆ ನಮ್ಮನೇಲಿ ಎರಡು ಟಿವಿ ಹೋಗಿದ್ದು ಅದಕ್ಕೇ ಇರ್ಬೇಕು," ಎಂದು ಚಹಾ ತರಿಸಿದರು.

ಮೂರನೆಯದು ತೀರ್ಥಹಳ್ಳಿ. ನಮ್ಮ ಅಂಗಡಿಯ ಫ್ಲೆಕ್ಸುಗಳನ್ನು ಅಲ್ಲಿಗೆ ಮುಟ್ಟಿಸುವ ಕೆಲಸ ಬಂದಾಗ ಮಾವನೂ ಬಸ್ ಹತ್ತಿದರು. ಅಲ್ಲಿಯ ಅಂಗಡಿಯ ಒಡತಿ ನನಗಿಂತ ತುಸು ದೊಡ್ಡವಳಿರಬಹುದು. ಮಾವ ಕೇಳಿದ್ದಕ್ಕೆ ಮಾತಾಡದೆ ಎರಡು ಪೆಟ್ಟಿಗೆ ತಂದು, ಅವುಗಳ ಬೆನ್ನನ್ನು ಅವರ ಕಡೆಗೇ ತಿರುಗಿಸಿ ಇಟ್ಟಳು. ಜೂಲ್ ಇತ್ತು. ಎಷ್ಟು ವೋಲ್ಟಿಗೆ ಮೇಲಿನದನ್ನು ಒಳಗೆ ಬಿಡುವುದಿಲ್ಲ ಎಂಬ ಲೆಕ್ಕವೂ ಇತ್ತು. ಮಾವ ಜೂಲ್ ಹೆಚ್ಚಿದ್ದು, ಆ ವೋಲ್ಟು ಕಡಿಮೆ ಇದ್ದದ್ದನ್ನು ಕೈಗೆತ್ತಿಕೊಂಡರು. ಅದರ ಪಕ್ಕದಲ್ಲಿ ಡಿಶ್ಶಿನ ವೈರು ಹಾಯಿಸಲು ಬೇರೆಯೇ ತೂತುಗಳಿದ್ದವು. ಬರೀ ಕರೆಂಟಿನ ದಾರಿ ಕಾದರೆ ಸಾಲದು, ಸಿಡಿಲು ಡಿಶ್ಶಿನ ವೈರಿನಲ್ಲೂ ಇಳಿಯುತ್ತದೆ ಎಂದು ಮಾವ ಮೊದಲಿಂದ ಹೇಳುತ್ತಿದ್ದರು. ಅಷ್ಟು ದಿನದಲ್ಲಿ ಅವರ ಮುಖದಲ್ಲಿ ಮೊದಲ ಸಲ ಒಪ್ಪಿಗೆ ಕಂಡಿತು.

ಅವಳು ಬಿಲ್ಲು ಬರೆಯುವ ಮೊದಲು, "ಮನೇಲಿ ಅರ್ತಿಂಗ್ ಸರಿ ಇದ್ಯಾ ಸರ್?" ಎಂದಳು.

ನಾನು ದಾಟಿಸಿದೆ. ಮಾವನ ಬೆನ್ನು ನೆಟ್ಟಗಾಯಿತು. "ನಾನು ಪವರ್ ಹೌಸಲ್ಲಿ ಇದ್ದೋನಮ್ಮ."

"ಅಲ್ಲಿ ಇರ್ತದೆ ಸರ್. ಮನೇಲಿ?"

ಇದನ್ನು ದಾಟಿಸಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗ ಅವಳೇ ಪೆಟ್ಟಿಗೆಯ ಮೂಲೆಯನ್ನು ಬೆರಳಿನಿಂದ ತೋರಿಸಿದಳು. "ಕೇಳ್ಬೇಕು ಅಂತ ಇಲ್ಲಿ ಬರ್ದಿದಾರೆ. ನಂಗೇನೂ ಗೊತ್ತಿಲ್ಲ."

ಬಸ್ಸಿನಲ್ಲಿ ಮಾವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಸೀಟು ಕೇಳಿದ ಹೆಂಗಸೊಬ್ಬಳಿಗೆ ನನ್ನನ್ನು ಎಬ್ಬಿಸಿ ಕೊಟ್ಟರು, ಪೆಟ್ಟಿಗೆಯನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ಮನೆಗೆ ಬಂದು ಹಾಕಿದಾಗ ಹಸಿರು ದೀಪ ಬಂತು. ಪಕ್ಕದಲ್ಲಿ ಅರ್ತಿಂಗ್ ಇದ್ದರೆ ಉರಿಯಬೇಕಾದ ಇನ್ನೊಂದು ದೀಪ ಬರಲಿಲ್ಲ. ಮಾವ ಪೆಟ್ಟಿಗೆ ಕೆಟ್ಟಿದೆ ಎಂದರು. ಬೇರೆ ಸಾಕೆಟ್ಟಿಗೆ ಹಾಕಿದರು, ಇಲ್ಲ. ಅಡುಗೆಮನೆಯದಕ್ಕೆ ಹಾಕಿದರು, ಇಲ್ಲ. ಕೊನೆಗೆ ಎರಡು ವೈರಿನ ಟೆಸ್ಟ್ ಬಲ್ಬು ತಂದು ಪರೀಕ್ಷೆ ಮಾಡಿದರು. ಅರ್ತಿಗೆ ಕೊಟ್ಟಾಗ ಬಲ್ಬು ನಿದ್ದೆಗಣ್ಣು ಬಿಟ್ಟಷ್ಟೇ ಉರಿಯಿತು. ಪೆಟ್ಟಿಗೆ ಸರಿಯಿತ್ತು, ಅರ್ತಿಂಗ್ ಕೆಟ್ಟಿತ್ತು.

"ಅದಕ್ಕೇ ನಂಗೆ ಫ್ರಿಜ್ ಮುಟ್ಟಿದ್ರೆ ಚುಮ್ ಅನ್ನೋದು," ಎಂದರು ಅತ್ತೆ. "ವರ್ಷ ಆತು ಹೇಳ್ತಾ. ಚಪ್ಲಿ ಹಾಕ್ಕೊಂಡು ಮುಟ್ಟು ಅಂದ್ರು ಇವ್ರು."

ನಾನು ಮಾವನ ದನಿಯಲ್ಲಿ "ಚಪ್ಲಿ ಔಟ್, ಫ್ರಿಜ್ ಔಟ್" ಎಂದೆ. ಅವರಿಗೆ ಕೇಳಲಿಲ್ಲ; ಕೇಳದ್ದು ನನ್ನ ಪುಣ್ಯ.

ಮಾವ ಅಂಗಳಕ್ಕೆ ಹೋದರು. ನಾನೂ ಹೋದೆ. ಭೂಮಿಗೆ ತಂತಿ ಇಳಿಸಿದ ಅರ್ತಿಂಗ್ ಗುಂಡಿ ಹಿಂದೆ ಇದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ. ದಿನಾ ಒಗೆದ ನೀರು ಅಲ್ಲಿಗೇ ಇಳಿದು, ಬೇಸಿಗೆಯಲ್ಲೂ ಆ ನೆಲ ಹಸಿಯಾಗಿರುತ್ತಿತ್ತು. ಅರ್ತಿಂಗಿಗೆ ಬೇಕಾದದ್ದೇ ಆ ತೇವ. ವಾಷಿಂಗ್ ಮೆಷಿನ್ ಬಂದ ಮೇಲೆ ಕಲ್ಲು ಯಾಕೆ ಎಂದು ತೆಗೆಸಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದರು. ಆ ಕೆಲಸದ ಇಡೀ ದಿನ ಬಿಸಿಲಲ್ಲಿ ನಿಂತು, ಒಂದು ಟೈಲ್ಸೂ ಸೊಟ್ಟವಾಗದಂತೆ ನೋಡಿಕೊಂಡವರು ಮಾವನೇ. ಪವರ್ ಹೌಸಿನ ಅರ್ತಿಂಗ್ ಗುಂಡಿಗಳಿಗೆ ಬೇಸಿಗೆಯಲ್ಲಿ ತಪ್ಪದೆ ನೀರು ಬಿಡಿಸುತ್ತಿದ್ದ ಮನುಷ್ಯ ತನ್ನ ಮನೆಯದರ ಮೇಲೆ ಮುಚ್ಚಳ ಹಾಕಿಸಿ, ಚೆಂದ ಬಂದಿದೆ ಎಂದು ಫೋಟೊ ತೆಗೆಸಿಕೊಂಡಿದ್ದರು. ಫೋಟೊ ತೆಗೆದವನು ನಾನು.

ಮಾವ ಟೈಲ್ಸಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಗುಂಡಿಯಿದ್ದ ಜಾಗವನ್ನು ಬೆರಳಿನಿಂದ ತಟ್ಟಿ ನೋಡಿದರು. ಗೇಲಿ ಮಾಡಲು ನನ್ನ ನಾಲಿಗೆ ತುದಿಗೆ ಬಂದದ್ದು ಒಂದಲ್ಲ, ನಾಲ್ಕಾರು ಇದ್ದವು. ಗುದ್ದಲಿ ತಂದೆ.

ಮಾರನೆಯ ದಿನ ಟೈಲ್ಸು ಎಬ್ಬಿಸಿ, ಅಗೆದು, ತುಕ್ಕು ತಿಂದ ತಂತಿ ಬದಲಿಸಿ, ಇದ್ದಿಲು ಉಪ್ಪು ಹಾಕಿ, ಕೊಡದಲ್ಲಿ ನೀರು ಸುರಿದೆವು. ಮಾವ ಮಾರ್ಗದರ್ಶನ ಮಾಡಿದರು, ಅಂದರೆ ನಾನು ಅಗೆದೆ. ಮೇಲೆ ಒಂದು ಕೊಳವೆಯ ಬಾಯಿ ಬಿಟ್ಟು, ವಾಷಿಂಗ್ ಮೆಷಿನಿನ ನೀರು ಅದರೊಳಗೆ ಬೀಳುವ ಹಾಗೆ ಮಾಡಿದರು. ಒಳಗೆ ಹೋಗಿ ನೋಡಿದರೆ ಎರಡನೆಯ ದೀಪವೂ ಉರಿಯುತ್ತಿತ್ತು. ಟಿವಿಯ ಪ್ಲಗ್ಗು ಅದಕ್ಕೆ, ಸೆಟ್‌ಟಾಪಿನದು ಅದಕ್ಕೆ, ಡಿಶ್ಶಿನ ವೈರು ಅದರ ಮೂಲಕ. ಆಂಪ್ಲಿಫೈಯರಿಗೆಂದು ಒಂದು ತೂತು ಖಾಲಿ.

ಅದು ಖಾಲಿಯೇ ಉಳಿಯಿತು. ಇವತ್ತು ಮೋಡ ಇದೆ ಎಂದರು. ಮರುದಿನ ಗುಂಡಿ ಇನ್ನೂ ಕೂರಬೇಕು ಎಂದರು. ಅದರ ಮರುದಿನ ಇನ್ನೇನೋ. ಒಂದು ಸಂಜೆ ನಾನು ನೇರವಾಗಿ ಎದುರಿಗೆ ಕೂತು, ತುಟಿ ಕಾಣುವ ಹಾಗೆ ಕೇಳಿದೆ. ಅವರು ಮೆತ್ತಗೆ ಹೇಳಿದರು: "ಪಕ್ಕದಲ್ಲೇ ಬಿದ್ರೆ ಯಾವ್ ಪೆಟ್ಟಿಗೆನೂ ತಡಿಯಲ್ಲ ಮಾರಾಯ. ಟಿವಿ ಹೋದ್ರೆ ಇನ್ನೊಂದು ಬರ್ತದೆ." ಮೂರು ಊರು ಸುತ್ತಿ ತಂದ ಪೆಟ್ಟಿಗೆ ಕೊನೆಗೆ ಕಾಯುತ್ತಿದ್ದುದು, ಹೋದರೆ ಮತ್ತೆ ಸಿಗುವುದನ್ನು.

ಆಮೇಲೊಂದು ಸಂಜೆ ಊಟವಾಗಿತ್ತು, ಹೊರಗೆ ಇನ್ನೂ ಬೆಳಕಿತ್ತು. ಟಿವಿಯಲ್ಲಿ ಯಾರೋ ಹೆಂಗಸು ಗಂಡನಿಗೆ ಏನೋ ಅಂದಳು. ಅತ್ತೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮಾವ ಅವರ ಮುಖ ನೋಡಿ, ತಡವಾಗಿ ನಕ್ಕರು. ಅತ್ತೆಯ ನಗು ಅರ್ಧಕ್ಕೆ ನಿಂತಿತು. ಎದ್ದು ಸ್ಟೂಲು ಎಳೆದುಕೊಂಡು ಹತ್ತಿ, ಬೀರುವಿನ ಮೇಲಿದ್ದ ಗಂಟನ್ನು ಇಳಿಸಿ, ಟವಲು ಬಿಚ್ಚಿ, ಆಂಪ್ಲಿಫೈಯರನ್ನು ಮಾವನ ಎದುರಿನ ಟೀಪಾಯಿಯ ಮೇಲಿಟ್ಟರು. ಪ್ಲಗ್ಗನ್ನು ಅವರ ಕೈಗೆ ಕೊಟ್ಟರು.

ಮಾವ ಪ್ಲಗ್ಗನ್ನು ಹಿಡಿದುಕೊಂಡು, "ಸುಟ್ಟೋದ್ರೆ ಇಂಥದ್ದು ಮತ್ತೆ ಸಿಗಲ್ಲ ಕಣೇ," ಎಂದರು.

ಅದಕ್ಕೆ ಅತ್ತೆ ಹೇಳಿದ್ದನ್ನು ಕೇಳಿದ ಮೇಲೆ ಮಾವ ಬಗ್ಗಿ ಪ್ಲಗ್ಗನ್ನು ಆ ಖಾಲಿ ತೂತಿಗೆ ಒತ್ತಿದರು. ಅತ್ತೆ ದನಿ ಏರಿಸಿರಲಿಲ್ಲ, ತುಟಿ ಕಾಣುವ ಹಾಗೆ ಮುಖವನ್ನಷ್ಟೇ ಅವರ ಕಡೆ ತಿರುಗಿಸಿದ್ದರು. ನಾನು ಅತ್ತೆಯ ದನಿಯಲ್ಲಿ ಎಷ್ಟು ಸಲ ಹೇಳಿ ನೋಡಿದರೂ ಆ ತೂಕ ಬರಲಿಲ್ಲ, ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ:

"ಸುಟ್ಟೋದ್ರೂ ನಿಮ್ಗೆ ಕೇಳಲ್ಲ, ಬೀರು ಮೇಲಿಟ್ರೂ ಕೇಳಲ್ಲ. ಸುಟ್ಟೋಗೋವರೆಗಾದ್ರೂ ಕೇಳ್ಕೊಳಿ."